ಸಾವಿರ ವರ್ಷ ತೇಲಿದ ಡಬ್ಬಿಯೊಳಗಿನ ಕೊಳಲು

ಪ್ರಶ್ನೆ: ಸರ್, ನಾನು ರಾಜಾಜಿನಗರದವನು. ಒಂಬತ್ತನೇ ಕ್ಲಾಸಿನ ಮಗಳ ಜೊತೆ ಕೂತು ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಸರಣಿ ನೋಡುತ್ತಿದ್ದೇನೆ. ಮೊನ್ನೆ ‘ದಿ ಇನ್ನರ್ ಲೈಟ್’ ಎಂಬ ಕಂತು ಬಂತು. ಅನ್ಯಗ್ರಹದ ಒಂದು ಪುಟ್ಟ ಶೋಧನೌಕೆ ಕ್ಯಾಪ್ಟನ್ ಪಿಕಾರ್ಡ್ ಮೇಲೆ ಒಂದು ಕಿರಣ ಬಿಡುತ್ತದೆ. ಅವನು 25 ನಿಮಿಷ ಎಚ್ಚರ ತಪ್ಪಿ ಬಿದ್ದಿರುತ್ತಾನೆ. ಅಷ್ಟರಲ್ಲೇ ಬೇರೊಂದು ಗ್ರಹದಲ್ಲಿ 40 ವರ್ಷ ಸಂಸಾರ ಮಾಡಿ ಮುದುಕನಾಗಿಬಿಡುತ್ತಾನೆ. ಮಗಳು ಅತ್ತೇಬಿಟ್ಟಳು. ಕಣ್ಣು ಒರೆಸಿಕೊಂಡ ಮೇಲೆ ಪ್ರಶ್ನೆ ಶುರು. ಸಾವಿರ ವರ್ಷ ಆ ಡಬ್ಬಿಗೆ ಕರೆಂಟ್ ಎಲ್ಲಿಂದ ಬಂತು? ತಲೆಯೊಳಗೆ ಹಾಗೆ ಒಂದು ಬದುಕನ್ನೇ ತುಂಬೋಕೆ ಆಗುತ್ತಾ? ಅಂಥದ್ದು ನಿಜವಾಗಿ ಬಂದರೆ ನಮ್ಮ ಬ್ಯಾಲಾಳಿನಲ್ಲಿರುವ ಇಸ್ರೋದ ದೊಡ್ಡ ಡಿಶ್ ಆಂಟೆನಾಗೆ ಗೊತ್ತಾಗುತ್ತಾ? ನಾವೂ ಅಂಥದ್ದೇನಾದರೂ ಕಳಿಸಿದ್ದೀವಾ? ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ನೀವು ಹೇಳಿ.

ಉತ್ತರ: ನಿಮ್ಮ ಮಗಳು ಮೊದಲ ಸಲಕ್ಕೇ ಅತ್ತಳು. ನಾನು ಅತ್ತಿದ್ದು ಎರಡನೇ ಸಲ. ಮೊದಲ ಸಲ ನೋಡುವಾಗ ಸುಮ್ನೆ ತಪ್ಪು ಎಣಿಸುತ್ತ ಕೂತಿದ್ದೆ. ಉಪಗ್ರಹಗಳ ಸಿಗ್ನಲ್ ಹಿಡಿಯುವ ಕೆಲಸದಲ್ಲಿ ಎಷ್ಟೋ ರಾತ್ರಿ ಕಳೆದವನು ನಾನು. ಪರದೆಯ ಮೇಲೆ ಯಾವುದೇ ನೌಕೆ ಕಂಡರೂ ನನ್ನ ಕಣ್ಣು ಮೊದಲು ಹುಡುಕುವುದು ಅದರ ಆಂಟೆನಾ ಮತ್ತು ಬ್ಯಾಟರಿಯನ್ನು. ಹಾಗಾಗಿ ಕರೆಂಟಿನಿಂದಲೇ ಶುರು ಮಾಡೋಣ.

ಅದಕ್ಕೆ ಮೊದಲು, ಕಂತು ನೋಡದವರಿಗಾಗಿ ಎರಡು ಮಾತು. ಇದು ಪ್ರಸಾರವಾಗಿದ್ದು 1992ರ ಜೂನ್‌ನಲ್ಲಿ. ಮರುವರ್ಷ ಇದಕ್ಕೆ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಕಟಾನ್ ಎಂಬ ಗ್ರಹ, ಅಲ್ಲಿ ರೆಸಿಕ್ ಎಂಬ ಊರು. ಪಿಕಾರ್ಡ್ ಅಲ್ಲಿ ಕಣ್ಣು ಬಿಟ್ಟಾಗ ಎಲ್ಲರೂ ಅವನನ್ನು ಕಾಮಿನ್ ಎಂದು ಕರೆಯುತ್ತಾರೆ. ಎಲೀನ್ ಎಂಬ ಹೆಂಡತಿ ಇದ್ದಾಳೆ. ಮೊದಲು ಒದ್ದಾಡುತ್ತಾನೆ, ನಾನು ಅವನಲ್ಲ ಅನ್ನುತ್ತಾನೆ. ಆಮೇಲೆ ನಿಧಾನವಾಗಿ ಒಪ್ಪಿಕೊಳ್ಳುತ್ತಾನೆ. ಇಬ್ಬರು ಮಕ್ಕಳಾಗುತ್ತವೆ. ಕೊಳಲು ಊದುವುದನ್ನು ಕಲಿಯುತ್ತಾನೆ. ಊರಿಗೆ ಬರ ಬಂದಿದೆ, ವರ್ಷದಿಂದ ವರ್ಷಕ್ಕೆ ಬಿಸಿಲು ಜಾಸ್ತಿಯಾಗುತ್ತಿದೆ. ಆದರೂ ಊರ ನಡುವಿನ ಒಂದು ಸಣ್ಣ ಗಿಡಕ್ಕೆ ಮಾತ್ರ ಜನ ತಮ್ಮ ಪಾಲಿನ ನೀರು ಬಿಟ್ಟು ಹಾಕುತ್ತಾರೆ. (2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದ ನಮ್ಮ ಬೆಂಗಳೂರಿನವರಿಗೆ ಆ ಗಿಡ ಅರ್ಥವಾದಷ್ಟು ಬೇರೆಯವರಿಗೆ ಆಗಲಿಕ್ಕಿಲ್ಲ.) ಕೊನೆಗೆ ಊರವರೆಲ್ಲ ಸೇರಿ ಒಂದು ರಾಕೆಟ್ ಹಾರಿಸುತ್ತಾರೆ. ಅದು ಯಾವುದು ಎಂದು ಮುದುಕ ಕಾಮಿನ್‌ಗೆ ಹೊಳೆಯುವ ಕ್ಷಣವೇ ಕಥೆಯ ಗುಟ್ಟು. ಅದು ತನ್ನನ್ನೇ ಹುಡುಕಿಕೊಂಡು ಬಂದ ನೌಕೆ. ಆ ಜನ ಸತ್ತು ಸಾವಿರ ವರ್ಷವಾಗಿದೆ.

ಈಗ ಕರೆಂಟು. ಸೂರ್ಯನಿಂದ ದೂರ ಹೋದ ಮೇಲೆ ಸೋಲಾರ್ ಫಲಕ ಕೆಲಸಕ್ಕೆ ಬಾರದು. ನಾಸಾ ಕಳಿಸಿದ ನಮ್ಮ ವಾಯೇಜರ್ ನೌಕೆಗಳು ಓಡುವುದು ಪ್ಲುಟೋನಿಯಂ-238ರ ಶಾಖದಿಂದ. 1977ರಲ್ಲಿ ಹೊರಟಾಗ ಒಂದೊಂದಕ್ಕೂ ಸುಮಾರು 470 ವ್ಯಾಟ್ ಕರೆಂಟ್ ಸಿಗುತ್ತಿತ್ತು. ಒಂದು ಮಿಕ್ಸಿಗೆ ಸಾಕಾಗುವಷ್ಟು. ಅದು ವರ್ಷಕ್ಕೆ ಸುಮಾರು 4 ವ್ಯಾಟ್‌ನಂತೆ ಇಳಿಯುತ್ತ ಬಂದಿದೆ. ಅದಕ್ಕೇ ನಾಸಾದವರು ಒಂದೊಂದೇ ಉಪಕರಣವನ್ನು ಆರಿಸುತ್ತ ಬರುತ್ತಿದ್ದಾರೆ. ತಿಂಗಳ ಕೊನೆಯಲ್ಲಿ ಸಂಬಳ ಕರಗಿದಾಗ ನಾವು ಒಂದೊಂದೇ ಖರ್ಚು ನಿಲ್ಲಿಸುತ್ತೇವಲ್ಲ, ಹಾಗೆ.

ಪ್ಲುಟೋನಿಯಂ-238ರ ಅರ್ಧಾಯು 87.7 ವರ್ಷ. ಅಂದರೆ ಅಷ್ಟು ವರ್ಷಕ್ಕೊಮ್ಮೆ ಅರ್ಧ, ಅರ್ಧದಲ್ಲಿ ಅರ್ಧ. ಸಾವಿರ ವರ್ಷಕ್ಕೆ ಹೀಗೆ 11 ಸಲಕ್ಕೂ ಜಾಸ್ತಿ ಅರ್ಧವಾಗುತ್ತದೆ. ಮಗಳ ಕೈಗೆ ಕ್ಯಾಲ್ಕುಲೇಟರ್ ಕೊಡಿ, ಅವಳೇ ಮಾಡಲಿ: ಉಳಿಯುವುದು 2,700ರಲ್ಲಿ ಒಂದು ಪಾಲು. 470 ವ್ಯಾಟ್ ಎಂಬುದು 0.17 ವ್ಯಾಟ್ ಆಗುತ್ತದೆ. ಎಕ್ಸ್‌ಟೆನ್ಶನ್ ಬೋರ್ಡಿನ ಕೆಂಪು ದೀಪ ಮಿಣುಕುವಷ್ಟು. ಅದರಲ್ಲಿ ಒಬ್ಬ ಕ್ಯಾಪ್ಟನ್ನನ್ನು ಕೆಡವುವ ಕಿರಣ ಬಿಡುವುದು ಆಗದ ಮಾತು.

ಹಾಗಂತ ಕಟಾನ್ ಎಂಜಿನಿಯರುಗಳನ್ನು ಅಷ್ಟು ಬೇಗ ಫೇಲ್ ಮಾಡುವುದು ಬೇಡ. ಅಮೆರಿಸಿಯಂ-241 ಎಂಬ ಇನ್ನೊಂದು ಧಾತು ಇದೆ. ಅದರ ಅರ್ಧಾಯು 432 ವರ್ಷ. ಅಷ್ಟೇ ತೂಕದ ಪ್ಲುಟೋನಿಯಂಗೆ ಹೋಲಿಸಿದರೆ ಶಾಖ ಕಡಿಮೆ, ಆದರೆ ತಾಳಿಕೆ ಜಾಸ್ತಿ. ಸಾವಿರ ವರ್ಷವಾದರೂ ಐದರಲ್ಲಿ ಒಂದು ಪಾಲು ಉಳಿದಿರುತ್ತದೆ. ಯುರೋಪಿನವರು ಮುಂದಿನ ನೌಕೆಗಳಿಗೆ ಇದನ್ನೇ ಬಳಸಲು ಕೆಲಸ ಮಾಡುತ್ತಿದ್ದಾರೆ. ಜೊತೆಗೆ ಇನ್ನೊಂದು ಉಪಾಯ: ನಿದ್ದೆ. ದಾರಿಯುದ್ದಕ್ಕೂ ಎಲ್ಲವನ್ನೂ ಆರಿಸಿ, ಹತ್ತಿರ ಯಾರಾದರೂ ಬಂದರೆ ಎಬ್ಬಿಸುವಷ್ಟು ಒಂದು ಸಣ್ಣ ಕಾವಲುಗಾರ ಸರ್ಕ್ಯೂಟ್ ಮಾತ್ರ ಬಿಡುವುದು. ಸಿಕ್ಕಿದ ಚೂರುಪಾರು ಕರೆಂಟನ್ನು ವರ್ಷಗಟ್ಟಲೆ ಕೂಡಿಟ್ಟು 25 ನಿಮಿಷದಲ್ಲಿ ಖರ್ಚು ಮಾಡುವುದು. ಕಥೆಯಲ್ಲಿ ಆ ನೌಕೆ ಕೆಲಸ ಮುಗಿದ ಕೂಡಲೇ ತಾನಾಗಿ ಆರಿಹೋಗುತ್ತದೆ, ಗಮನಿಸಿದಿರಾ? ಅದನ್ನು ನೋಡಿದಾಗ ನನ್ನೊಳಗಿನ ಎಂಜಿನಿಯರ್ ತಲೆದೂಗಿದ. ಒಂದೇ ಸಲಕ್ಕೆ ಸಾಕಾಗುವಷ್ಟು ಇತ್ತು, ಅದು ಮುಗಿಯಿತು. ಲೆಕ್ಕ ಸರಿ.

ಆದರೆ ಮಲಗಿಸುವುದು ಸುಲಭ, ಎಬ್ಬಿಸುವುದು ಕಷ್ಟ. ಇದು ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ವಿಷಯ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿಯಿತು. ಪೀಣ್ಯದಲ್ಲಿರುವ ಇಸ್ರೋದ ನೌಕಾ ನಿಯಂತ್ರಣ ಕೇಂದ್ರ ಇಸ್ಟ್ರ್ಯಾಕ್‌ನಿಂದಲೇ ಅದನ್ನು ನಡೆಸಿದ್ದು. ಸೆಪ್ಟೆಂಬರ್ ಮೊದಲ ವಾರ ಮಲಗಿಸಿದರು. ಬೆಳಕು ಮರಳಿದ ಮೇಲೆ 22ರಿಂದ ಕೂಗಿ ಕೂಗಿ ಕರೆದರು. ಉತ್ತರ ಬರಲಿಲ್ಲ. ಎರಡೇ ವಾರದ ಚಂದ್ರನ ರಾತ್ರಿ ಅದು. ಮಂಗಳಯಾನದ್ದೂ ಹೆಚ್ಚು ಕಮ್ಮಿ ಅದೇ ಕಥೆ. ಆರು ತಿಂಗಳಿಗೆ ಅಂತ ಕಳಿಸಿದ್ದು ಎಂಟು ವರ್ಷ ಕೆಲಸ ಮಾಡಿತು. 2022ರ ಏಪ್ರಿಲ್‌ನಲ್ಲಿ ಒಂದು ದೀರ್ಘ ಗ್ರಹಣದ ನೆರಳಲ್ಲಿ ಸಿಕ್ಕಿದ ಮೇಲೆ ಮಾತೇ ಆಡಲಿಲ್ಲ. ಬ್ಯಾಟರಿ, ಬೆಸುಗೆ, ಚಿಪ್, ಎಲ್ಲಕ್ಕೂ ಚಳಿ ಕೆಟ್ಟದ್ದು. ಸಾವಿರ ವರ್ಷದ ಚಳಿ ತಡೆದು ಮೊದಲ ಕರೆಗೇ ಎದ್ದ ಕಟಾನ್ ನೌಕೆಯ ನಿಜವಾದ ಪವಾಡ ಕಿರಣವಲ್ಲ, ಆ ಎಚ್ಚರ.

ದೂರದ ವಿಷಯದಲ್ಲೂ ಕಥೆಗಾರರು ಜಾಣರು, ಬಹುಶಃ ಗೊತ್ತಿಲ್ಲದೆಯೇ. ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಆ ವೇಗದಲ್ಲಿ ಸಾವಿರ ವರ್ಷ ಓಡಿದರೆ ಒಂದು ಜ್ಯೋತಿರ್ವರ್ಷದ ಹದಿನೆಂಟನೇ ಒಂದು ಭಾಗ ದಾಟಬಹುದು. ನಮಗೆ ಅತಿ ಹತ್ತಿರದ ನಕ್ಷತ್ರವೇ 4.24 ಜ್ಯೋತಿರ್ವರ್ಷ ದೂರ. ಅಲ್ಲಿಗೆ 75 ಸಾವಿರ ವರ್ಷ ಬೇಕು. ಕಟಾನ್‌ನವರ ರಾಕೆಟ್ಟೂ ಅಂಥದ್ದೇ ಬಡವರ ರಾಕೆಟ್ಟು. ಅದು ಎಲ್ಲಿಗೂ ಹೋಗಿ ತಲುಪಬೇಕಾಗಿರಲಿಲ್ಲ. ಮನೆ ಬಾಗಿಲಲ್ಲೇ ಕಾದಿದ್ದರೆ ಸಾಕಿತ್ತು. ಬೆಳಕಿಗಿಂತ ವೇಗವಾಗಿ ಓಡಾಡುವವರು ಒಂದು ದಿನ ತಾವಾಗಿ ಆ ದಾರಿಯಲ್ಲಿ ಬರಲಿ ಎಂದು. ಹಳ್ಳಿ ಕೈಮರದ ಹತ್ತಿರ ಬಸ್ಸಿಗೆ ಕಾಯುವ ಅಜ್ಜಿಯ ಹಾಗೆ.

1960ರಲ್ಲೇ ರೊನಾಲ್ಡ್ ಬ್ರೇಸ್‌ವೆಲ್ ಎಂಬ ವಿಜ್ಞಾನಿ ‘ನೇಚರ್’ ಪತ್ರಿಕೆಯಲ್ಲಿ ಇಂಥದ್ದೊಂದು ವಿಚಾರ ಬರೆದಿದ್ದರು. ದೂರದವರು ರೇಡಿಯೋದಲ್ಲಿ ಕೂಗುತ್ತ ಕೂರುವ ಬದಲು ಒಂದು ಯಂತ್ರವನ್ನೇ ನಮ್ಮ ಅಂಗಳಕ್ಕೆ ಕಳಿಸಿ ಕಾಯಿಸಬಹುದು. ನಾವು ರೇಡಿಯೋ ಕಲಿತ ದಿನ ಅದು ನಮ್ಮ ಮಾತನ್ನೇ ನಮಗೆ ತಿರುಗಿ ಹೇಳಿ, ಇಲ್ಲಿದ್ದೇನೆ ಅನ್ನಬಹುದು. ಸ್ಟಾರ್ ಟ್ರೆಕ್ ಲೋಕದ ಬೇರೆ ನೌಕೆಗಳಿಗಿಂತ ಇದು ಎಷ್ಟೋ ಸಭ್ಯ. 1979ರ ಸಿನಿಮಾದಲ್ಲಿ ನಮ್ಮದೇ ‘ವಾಯೇಜರ್ 6’ (ಹಾಗೊಂದು ನೌಕೆ ಇರಲೇ ಇಲ್ಲ) ದೈತ್ಯನಾಗಿ ಮರಳಿ ಬಂದು ಭೂಮಿಯನ್ನೇ ನುಂಗಲು ನೋಡುತ್ತದೆ. 1986ರ ಸಿನಿಮಾದ್ದು ತಿಮಿಂಗಿಲದ ಜೊತೆ ಮಾತಾಡಬೇಕೆಂದು ಸಮುದ್ರವನ್ನೇ ಕುದಿಸುತ್ತದೆ. ಅವೆಲ್ಲ ಬಾಗಿಲು ಒಡೆದು ಬರುವ ನೆಂಟರು.

ಒಂದು ತಪ್ಪನ್ನು ಮಾತ್ರ ಹೇಳದೆ ಬಿಡಲಾರೆ. ಕಟಾನ್‌ನ ಸೂರ್ಯ ‘ನೋವಾ’ ಆಯಿತು ಅನ್ನುತ್ತಾರೆ. ಒಂಟಿ ಸೂರ್ಯ ಹಾಗೆಲ್ಲ ನೋವಾ ಆಗುವುದಿಲ್ಲ. ಅದಕ್ಕೆ ಶ್ವೇತಕುಬ್ಜ ಎಂಬ ಮುದಿ ನಕ್ಷತ್ರವೊಂದು ಬೇಕು, ಜೊತೆಗಾರ ನಕ್ಷತ್ರದಿಂದ ಅದು ಅನಿಲ ಕದಿಯಬೇಕು. ನಮ್ಮ ಸೂರ್ಯ ಬಿಸಿಯೇರುವುದು ನಿಜ, ಆದರೆ ನೂರು ಕೋಟಿ ವರ್ಷಕ್ಕೆ ಶೇಕಡಾ 10ರಷ್ಟು. ಮಗಳು ಹೆದರಬೇಕಿಲ್ಲ.

ಬ್ಯಾಲಾಳು ಪ್ರಶ್ನೆಗೆ ಬರೋಣ. ಅಲ್ಲಿನ 32 ಮೀಟರ್ ಡಿಶ್ ಎದ್ದದ್ದು ಚಂದ್ರಯಾನ-1ಕ್ಕಾಗಿ, 2008ರಲ್ಲಿ. ಸುತ್ತ ಜಾಗ ಬಟ್ಟಲಿನ ಹಾಗಿದೆ, ಊರಿನ ರೇಡಿಯೋ ಗದ್ದಲ ಒಳಗೆ ಬರುವುದು ಕಮ್ಮಿ. ಡಿಶ್ ಅಂದರೆ ಕಣ್ಣು ಅಂದುಕೊಳ್ಳುತ್ತಾರೆ ಜನ. ಅದು ಕಿವಿ. ಅದೂ ಎಂಥ ಕಿವಿ? ಯಾರು, ಯಾವ ದಿಕ್ಕಿನಿಂದ, ಯಾವ ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತಾರೆ ಎಂದು ಮೊದಲೇ ಹೇಳಿಕೊಟ್ಟರೆ ಪಿಸುಮಾತನ್ನೂ ಹಿಡಿಯುತ್ತದೆ. ಹೇಳಿಕೊಡದಿದ್ದರೆ ಪಕ್ಕದಲ್ಲೇ ಕಿರುಚಿದರೂ ಗೊತ್ತಾಗುವುದಿಲ್ಲ. ಮಲಗಿರುವ ನೌಕೆಯಂತೂ ಮಾತೇ ಆಡುವುದಿಲ್ಲ.

ಹಾಗಾದರೆ ಸತ್ತ ಹಾಗೆ ಬಿದ್ದಿರುವ ನೌಕೆಯನ್ನು ಕಂಡುಹಿಡಿಯುವುದು ಹೇಗೆ? ಇದಕ್ಕೂ ನಮ್ಮದೇ ಉದಾಹರಣೆ ಇದೆ. 2009ರ ಆಗಸ್ಟ್ 29ರಂದು ಚಂದ್ರಯಾನ-1ರ ಮಾತು ನಿಂತಿತು. ಎಲ್ಲಿದೆ ಎಂದು ಯಾರಿಗೂ ಖಾತ್ರಿ ಇರಲಿಲ್ಲ. ಅದು ಎಷ್ಟು ದೊಡ್ಡದು? ಒಂದೂವರೆ ಮೀಟರ್ ಉದ್ದಗಲದ ಒಂದು ಡಬ್ಬ, ಹೆಚ್ಚು ಕಮ್ಮಿ ನಿಮ್ಮ ಡೈನಿಂಗ್ ಟೇಬಲ್‌ನಷ್ಟು. ಆಮೇಲೆ ಅಮೆರಿಕದ ಗೋಲ್ಡ್‌ಸ್ಟೋನ್‌ನ ಡಿಶ್ಶಿನಿಂದ ಚಂದ್ರನ ಧ್ರುವದ ಕಡೆ ರೇಡಾರ್ ಅಲೆ ಬಿಟ್ಟು, ಪ್ರತಿಧ್ವನಿಯನ್ನು ಗ್ರೀನ್ ಬ್ಯಾಂಕ್‌ನ ಡಿಶ್ಶಿನಲ್ಲಿ ಕೇಳಿದರು. ಅದು ಅಲ್ಲೇ ಸುತ್ತುತ್ತಿತ್ತು. 2017ರಲ್ಲಿ ಸುದ್ದಿ ಹೊರಗೆ ಬಂತು. ಆ ದಿನ ಹಳೆಯ ಸಹೋದ್ಯೋಗಿಯೊಬ್ಬರು ನನಗೆ ಫೋನ್ ಮಾಡಿ, ‘ಹುಡುಗ ಸಿಕ್ಕಿದ ಮಾರಾಯ’ ಅಂದರು. ಕಳೆದುಹೋದ ಮಗ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದು ಸಿಕ್ಕಿದ ಹಾಗೆ. ಆದರೆ ಅದು ಇರಬಹುದಾದ ದಾರಿ ಗೊತ್ತಿತ್ತು, ಅದಕ್ಕೇ ಸಿಕ್ಕಿತು. ದಾರಿ ಗೊತ್ತಿಲ್ಲದ್ದನ್ನು ರೇಡಾರ್‌ನಲ್ಲಿ ಹುಡುಕಲು ಆಗುವುದಿಲ್ಲ.

ಹೊರಗಿನಿಂದ ಬರುವುದನ್ನು ಮೊದಲು ಕಾಣುವುದು ಆಕಾಶದ ಫೋಟೋ ತೆಗೆಯುವ ದೂರದರ್ಶಕಗಳು. 2017ರ ಅಕ್ಟೋಬರ್‌ನಲ್ಲಿ ಹವಾಯಿಯಿಂದ ‘ಔಮುವಾಮುವಾ’ ಕಂಡಾಗ, ಬೇರೆ ನಕ್ಷತ್ರಲೋಕದಿಂದ ಬಂದು ಹೋಗುವ ವಸ್ತು ನಮಗೆ ಸಿಕ್ಕಿದ್ದು ಅದೇ ಮೊದಲು. ಅದು ನೌಕೆ ಇರಬಹುದೇ ಎಂದು ಕೆಲವರು ಗಂಭೀರವಾಗಿಯೇ ಕೇಳಿದರು. ಡಿಶ್ ತಿರುಗಿಸಿ ಕೇಳಿಯೂ ನೋಡಿದರು. ಸದ್ದಿಲ್ಲ. ಆಮೇಲೆ 2019ರಲ್ಲಿ ಬೋರಿಸೋವ್, 2025ರಲ್ಲಿ ಅಟ್ಲಾಸ್ ಬಂದವು. ಎರಡೂ ಧೂಮಕೇತು. ನನ್ನ ಅನಿಸಿಕೆ ಕೇಳಿದರೆ ಮೂರೂ ಕಲ್ಲು-ಮಂಜುಗಡ್ಡೆ. ಆದರೆ ಪ್ರಶ್ನೆ ಕೇಳಿದ್ದು ತಪ್ಪಲ್ಲ.

ಇನ್ನು ಕಷ್ಟದ ಪ್ರಶ್ನೆ. ತಲೆಗೆ ಬದುಕು ತುಂಬುವುದು. ಇದು ನನ್ನ ಕ್ಷೇತ್ರವಲ್ಲ, ಆದರೆ ಸಿಗ್ನಲ್ ನನ್ನ ಕ್ಷೇತ್ರ, ಹಾಗಾಗಿ ಲೆಕ್ಕ ಹಾಕಬಲ್ಲೆ. 40 ವರ್ಷವನ್ನು 25 ನಿಮಿಷಕ್ಕೆ ಅಡಗಿಸಿದರೆ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತು ದಿನ. ಒಂದು ಇಡೀ ದಿನ, ಬೆಳಗಿನ ಕಾಫಿಯಿಂದ ರಾತ್ರಿ ಹಾಸಿಗೆವರೆಗೆ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ರೆಪ್ಪೆ ಮಿಟುಕಿಸಲೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಮೆದುಳಿನ ಒಂದು ನರಕೋಶ ಒಂದು ಸಲ ಮಿಡಿಯಲು ಸೆಕೆಂಡಿನ ಸಾವಿರದಲ್ಲೊಂದು ಭಾಗ ಬೇಕು. ಅಷ್ಟು ಕಿರಿದಾದ ಕೊಳವೆಯಲ್ಲಿ ಅಷ್ಟು ನೀರು ಹರಿಯದು.

ಹೊರಗಿನಿಂದ ಮೆದುಳನ್ನು ಮುಟ್ಟುವುದೇ ಆಗುವುದಿಲ್ಲ ಅಂತಲ್ಲ. ತಲೆಗೆ ತಾಗಿಸಿ ಹಿಡಿದ ಸುರುಳಿಯಿಂದ ಕಾಂತೀಯ ಮಿಡಿತ ಕೊಡುವ ಚಿಕಿತ್ಸೆ ನಮ್ಮ ನಿಮ್ಹಾನ್ಸ್‌ನಲ್ಲೇ ಇದೆ. ಸುರುಳಿಯನ್ನು ಒಂದು ಜಾಗದಲ್ಲಿ ಹಿಡಿದರೆ ಬೆರಳು ತಾನಾಗಿ ಅದುರುತ್ತದೆ. ತಲೆಯ ಹಿಂಭಾಗದಲ್ಲಿ ಹಿಡಿದರೆ ಕಣ್ಣೆದುರು ಮಿಂಚು ಕಾಣಬಹುದು. ಅಷ್ಟೇ. ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಅದರ ಪ್ರಭಾವ ಮುಗಿಯುತ್ತದೆ. 2013ರಲ್ಲಿ ಅಮೆರಿಕದ ಎಂಐಟಿ ವಿಜ್ಞಾನಿಗಳು ಒಂದು ಇಲಿಗೆ ಸುಳ್ಳು ನೆನಪನ್ನೇ ಕೊಟ್ಟರು. ಶಾಕ್ ತಗುಲಿದ್ದು ಒಂದು ಪೆಟ್ಟಿಗೆಯಲ್ಲಿ, ಅದು ಹೆದರಿ ನಿಂತಿದ್ದು ಇನ್ನೊಂದರಲ್ಲಿ. ಅದಕ್ಕಾಗಿ ಇಲಿಯ ಜೀನ್ ಬದಲಿಸಬೇಕಾಯಿತು, ಮೆದುಳಿಗೆ ಬೆಳಕಿನ ತಂತಿ ಇಳಿಸಬೇಕಾಯಿತು. ಇಷ್ಟೆಲ್ಲ ಮಾಡಿ ಕೊಟ್ಟಿದ್ದು ಒಂದೇ ಒಂದು ಹೆದರಿಕೆ. ಸಂಸಾರವಲ್ಲ, ಕೊಳಲಿನ ಪಾಠವಲ್ಲ. ಅದೂ ನಮಗೆ ಗೊತ್ತಿರುವ ಇಲಿ. ಕಟಾನ್‌ನವರು ಮನುಷ್ಯನ ಮೆದುಳನ್ನು ಕಂಡೇ ಇರಲಿಲ್ಲ.

ಆದರೆ ಇನ್ನೊಂದು ದಾರಿ ಇದೆ. ಆ ಕಂತು ನಡೆಯುವ ರೀತಿ ನೋಡಿ. ನಮಗೆ ತೋರಿಸುವುದು ಹತ್ತೋ ಹದಿನೈದೋ ದೃಶ್ಯ. ಐದು ವರ್ಷ ದಾಟಿಬಿಡುತ್ತದೆ, ಮತ್ತೆ ಎಷ್ಟೋ ವರ್ಷ. ನಡುವಿನದ್ದನ್ನು ನಾವೇ ತುಂಬಿಕೊಂಡೆವು, ಮಗಳು ಅತ್ತೂ ಬಿಟ್ಟಳು. ನೌಕೆಯೂ ಅಷ್ಟನ್ನೇ ಮಾಡಿರಬಹುದು ಅಂತ ನನ್ನ ಊಹೆ. ಆಯ್ದ ಕೆಲವು ಗಂಟುಗಳನ್ನು ಕೊಟ್ಟಿತು, ನೂಲನ್ನು ಪಿಕಾರ್ಡನ ಮೆದುಳೇ ತೆಗೆಯಿತು. ಯಕ್ಷಗಾನದಲ್ಲಿ ಭಾಗವತರು ಒಂದು ಪದ್ಯದಲ್ಲಿ ಹನ್ನೆರಡು ವರ್ಷದ ವನವಾಸ ಮುಗಿಸುತ್ತಾರೆ. ಯಾರೂ ಎದ್ದು, ಸ್ವಾಮಿ ಉಳಿದ ದಿನಗಳೆಲ್ಲಿ ಅಂತ ಕೇಳುವುದಿಲ್ಲ, ಅಲ್ವಾ?

ಈ ಕಥೆಯೇ ನಮಗೆ ಹೊಸದಲ್ಲ. ನಾರದ ವಿಷ್ಣುವಿಗೆ ನೀರು ತರಲು ಹೋದ ಕಥೆ ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿರಬೇಕು. ಮಾಯೆ ಅಂದರೇನು ಅಂತ ನಾರದ ಕೇಳುತ್ತಾನೆ. ಹೇಳುತ್ತೇನೆ, ಮೊದಲು ಒಂದಿಷ್ಟು ನೀರು ತಾ ಅನ್ನುತ್ತಾನೆ ವಿಷ್ಣು. ನಾರದ ಹೋದ ಊರಲ್ಲಿ ಒಬ್ಬ ಹುಡುಗಿ. ಮದುವೆ, ಹೊಲ, ಮನೆ, ಮಕ್ಕಳು. ಹನ್ನೆರಡು ವರ್ಷದ ಮೇಲೆ ಒಂದು ರಾತ್ರಿ ಹೊಳೆ ಉಕ್ಕಿ ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ದಡದಲ್ಲಿ ಕೂತು ಗೋಳಾಡುತ್ತಿರುವಾಗ ಹಿಂದಿನಿಂದ ದನಿ: ನಾರದಾ, ನೀರೆಲ್ಲಪ್ಪಾ? ಆಗಲೇ ಅರ್ಧ ಗಂಟೆ ಆಯಿತಲ್ಲ. ಚಿಕ್ಕಂದಿನಲ್ಲಿ ಈ ಕಥೆ ಕೇಳಿ ನನಗೆ ವಿಷ್ಣುವಿನ ಮೇಲೆ ಸಿಟ್ಟು ಬಂದಿತ್ತು. ಆ ಹೆಂಡತಿ ಮಕ್ಕಳು ಏನಾದರು? ಅವರು ಇರಲೇ ಇಲ್ಲ ಅಂದರೆ ಹೇಗೆ? ಕಟಾನ್ ಕಥೆ ನನಗೆ ಇಷ್ಟವಾಗುವುದು ಅದಕ್ಕೇ. ಇಲ್ಲಿ ಅವರು ಇದ್ದರು. ನಿಜವಾಗಿ ಇದ್ದರು, ಸತ್ತರು.

ಈಗ ಒಂದು ಮನೆಯ ವಿಷಯ. 1987ರಲ್ಲಿ ನಮ್ಮ ಮಾವ ಒಂದು ಟೂ-ಇನ್-ಒನ್ ತಂದು, ನಮ್ಮಜ್ಜಿ ಹಾಡುತ್ತಿದ್ದ ರಾಗಿ ಬೀಸುವ ಪದಗಳನ್ನು ಒಂದು ಕ್ಯಾಸೆಟ್‌ನಲ್ಲಿ ಹಿಡಿದಿದ್ದರು. ಅಜ್ಜಿ ಹೋದರು. ಕ್ಯಾಸೆಟ್ ಟ್ರಂಕಿನಲ್ಲಿತ್ತು. ಕೆಲವು ವರ್ಷದ ಹಿಂದೆ ತೆಗೆದೆ. ಪ್ಲೇಯರ್‌ಗೆ ಹಾಕಿದರೆ ಗುಂಡಿ ಒತ್ತಿದ ಸದ್ದು ಬಿಟ್ಟು ಬೇರೇನಿಲ್ಲ. ಪ್ಲೇಯರನ್ನೂ ಕ್ಯಾಸೆಟ್ಟನ್ನೂ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌.ಪಿ. ರೋಡಿಗೆ ಹಿಡಿದುಕೊಂಡು ಹೋದೆ. ಮೂರು ಅಂಗಡಿಯವರು ನಕ್ಕು ಕಳಿಸಿದರು. ನಾಲ್ಕನೆಯವರು ವಯಸ್ಸಾದವರು. ಪ್ಲೇಯರ್‌ನ ಸ್ಕ್ರೂ ಬಿಚ್ಚಿ ತೋರಿಸಿದರು. ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನ ಹಾಗೆ ಚಕ್ರಕ್ಕೆ ಮೆತ್ತಿಕೊಂಡಿತ್ತು. ಸ್ಪಿರಿಟ್ ಹಚ್ಚಿ, ಬಟ್ಟೆಯಲ್ಲಿ ಒರೆಸಿ, ಯಾವುದೋ ಹಳೆ ಡಬ್ಬಿಯಿಂದ ಒಂದು ಬೆಲ್ಟ್ ಹುಡುಕಿ ಹಾಕಿದರು. ಟೇಪ್ ತಿರುಗಿತು. ಅಜ್ಜಿಯ ದನಿ ತೂರಾಡುತ್ತ ಬಂತು. ಹಿಂದೆ ಎಲ್ಲೋ ಕುಕ್ಕರ್ ಶಿಳ್ಳೆ ಹೊಡೆಯಿತು.

ನನಗೆ ಗಂಟಲು ಕಟ್ಟಿತು. ಜೊತೆಗೆ ಬಂದಿದ್ದ ನನ್ನ ಮಗ ಮೊಬೈಲ್ ನೋಡುತ್ತಿದ್ದ. ತಪ್ಪು ಅವನದ್ದಲ್ಲ. ಆ ಹಾಡಿನಲ್ಲಿ ಒಂದು ಕಡೆ ದನಿ ಎಳೆಯುತ್ತದೆ, ಸ್ವಲ್ಪ ತಡೆಯುತ್ತದೆ, ಆಮೇಲೆ ಇಳಿಯುತ್ತದೆ. ಯಾಕೆ ಅಂತ ನನಗೆ ಗೊತ್ತು. ಬೀಸುವ ಕಲ್ಲಿನ ಗೂಟ ಎದೆಯ ಹತ್ತಿರ ಬಂದಾಗ ಉಸಿರು ಹಿಡಿಯಬೇಕು, ಆಚೆ ತಳ್ಳುವಾಗ ಬಿಡಬೇಕು. ನಾನು ಅಜ್ಜಿಯ ಎದುರು ಕೂತು ಅದೇ ಗೂಟ ಹಿಡಿದವನು. ಮಗ ಹಿಡಿದವನಲ್ಲ. ಕ್ಯಾಸೆಟ್ ಇಬ್ಬರಿಗೂ ಒಂದೇ. ಕಲ್ಲು ತಿರುಗಿದ್ದು ನನ್ನ ತೋಳಿನಲ್ಲಿ ಮಾತ್ರ.

ಕಟಾನ್‌ನವರ ತಲೆ ಓಡಿದ್ದು ಇಲ್ಲೇ. ಅವರು ಹಾಡನ್ನು ಕಳಿಸಲಿಲ್ಲ. ಆ ಹಾಡು ಕಲಿಯುವ ಬದುಕನ್ನು ಕಳಿಸಿದರು. ಪ್ಲೇಯರ್ ಎಲ್ಲಿಂದ ತರಲಿ ಎಂಬ ಪ್ರಶ್ನೆಯೇ ಇಲ್ಲ, ಕೇಳುವವನನ್ನೇ ಪ್ಲೇಯರ್ ಮಾಡಿಬಿಟ್ಟರು. ವಿಜ್ಞಾನ ಅರ್ಧಕ್ಕರ್ಧ ಸುಳ್ಳಿದ್ದರೂ ನನ್ನ ಕೆಲಸದವರು ಈ ಒಂದು ವಿಷಯಕ್ಕೆ ಆ ಕಥೆಗೆ ನಮಸ್ಕಾರ ಹಾಕಬೇಕು. ನಾವು ದಿನವಿಡೀ ಸಿಗ್ನಲ್ ತಲುಪಿತೋ ಇಲ್ಲವೋ ಎಂದು ನೋಡುತ್ತೇವೆ. ತಲುಪಿದ್ದನ್ನು ಓದುವವನಿಗೆ ಏನು ಗೊತ್ತಿರಬೇಕು ಎಂದು ಕೇಳುವುದು ಕಮ್ಮಿ.

ನಾವು ಕಳಿಸಿದ್ದೀವಾ? ಕಳಿಸಿದ್ದೇವೆ. ಎರಡೂ ವಾಯೇಜರ್‌ಗಳ ಮೈಮೇಲೆ ಚಿನ್ನ ಲೇಪಿಸಿದ ತಾಮ್ರದ ಒಂದೊಂದು ಗ್ರಾಮಫೋನ್ ತಟ್ಟೆ ಇದೆ. 12 ಇಂಚಿನದ್ದು. 115 ಚಿತ್ರ, ಸುಮಾರು ಒಂದೂವರೆ ಗಂಟೆ ಸಂಗೀತ, 55 ಭಾಷೆಯಲ್ಲಿ ನಮಸ್ಕಾರ. ಮುಳ್ಳನ್ನೂ ಜೊತೆಗೆ ಇಟ್ಟಿದ್ದಾರೆ, ಹೇಗೆ ತಿರುಗಿಸಬೇಕು ಎಂದು ಮುಚ್ಚಳದ ಮೇಲೆ ಗೀಚಿದ್ದಾರೆ. ಎಸ್‌.ಪಿ. ರೋಡಿಗೆ ಹೋಗುವ ಕಷ್ಟ ಬೇಡ ಅಂತ. ಮುಚ್ಚಳಕ್ಕೆ ಒಂದಿಷ್ಟು ಯುರೇನಿಯಂ-238 ಲೇಪಿಸಿದ್ದಾರೆ. ಅದು ಎಷ್ಟು ಸವೆದಿದೆ ಎಂದು ನೋಡಿ, ಹೊರಟು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಬಹುದು. ಎಕ್ಸ್‌ಪೈರಿ ಇಲ್ಲದ ತಯಾರಿಕಾ ದಿನಾಂಕ.

ಸಂಗೀತದಲ್ಲಿ ನಮ್ಮ ದೇಶದ್ದು ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ, ‘ಜಾತ್ ಕಹಾಂ ಹೋ’. ಮೂರೂವರೆ ನಿಮಿಷ. ಎಲ್ಲಿಗೆ ಹೊರಟೆ ಎಂದು ಕೇಳುವ ಹಾಡನ್ನು ಹೊರಟೇ ಹೋಗುವ ನೌಕೆಯಲ್ಲಿ ಇಟ್ಟರು. ವಾಯೇಜರ್ 1 ಹೊರಟಿದ್ದು 1977ರ ಸೆಪ್ಟೆಂಬರ್ 5. ಹನ್ನೊಂದು ದಿನಕ್ಕೆ ಆ ಗಾಯಕಿ ತೀರಿಕೊಂಡರು.

ಆ 55ರಲ್ಲಿ ಕನ್ನಡ ಇದೆ. ತೆಲುಗು, ಮರಾಠಿ, ಗುಜರಾತಿ ಮುಂತಾದವೂ ಇವೆ. ನಮ್ಮದು ನಾಲ್ಕೇ ಪದ: ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.’ ರಾಜ್ಯೋತ್ಸವದ ವೇದಿಕೆಯ ಮಾತಿನ ಹಾಗಿದೆ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಊಟ ಆಯ್ತಾ ಅಂತ ಕೇಳಿದ್ದರೆ ಇನ್ನೂ ನಮ್ಮದಾಗಿರುತ್ತಿತ್ತು. ಇರಲಿ, ಪಟ್ಟಿಯಲ್ಲಿ ಜಾಗ ಸಿಕ್ಕಿತಲ್ಲ.

ಇನ್ನೂ ಒಂದು ಇದೆ, ಕಟಾನ್ ನೌಕೆಗೆ ಅದೇ ಅತಿ ಹತ್ತಿರದ್ದು. ತಟ್ಟೆ ತಯಾರಿಸಿದ ತಂಡದಲ್ಲಿದ್ದ ಆನ್ ಡ್ರುಯನ್ ಎಂಬಾಕೆ 1977ರ ಜೂನ್‌ನಲ್ಲಿ ತಲೆಗೆ ತಂತಿ ಕಟ್ಟಿಸಿಕೊಂಡು ಒಂದು ಗಂಟೆ ಕಣ್ಣು ಮುಚ್ಚಿ ಕೂತರು. ಭೂಮಿಯ ಚರಿತ್ರೆ, ನಾಗರಿಕತೆಯ ಕಷ್ಟಗಳು, ಆಗಷ್ಟೇ ಶುರುವಾಗಿದ್ದ ತಮ್ಮ ಪ್ರೀತಿ, ಇವುಗಳ ಬಗ್ಗೆ ಯೋಚಿಸಿದರು. ಆ ಮೆದುಳಿನ ಅಲೆಗಳನ್ನು ಒಂದು ನಿಮಿಷಕ್ಕೆ ಅಡಕ ಮಾಡಿ ತಟ್ಟೆಯಲ್ಲಿ ಸೇರಿಸಿದ್ದಾರೆ. ಕೇಳಿದರೆ ಪಟಾಕಿ ಸರ ದೂರದಲ್ಲಿ ಹೊಡೆದ ಹಾಗೆ ಚಟಪಟ ಸದ್ದು. ಅದರಿಂದ ಯೋಚನೆಯನ್ನು ಹೊರತೆಗೆಯಲು ನಮಗೇ ಬರುವುದಿಲ್ಲ. ಬರುವವರು ಎಲ್ಲೋ ಇರಬಹುದು ಎಂದು ಕಳಿಸಿದ್ದು. ಕಟಾನ್‌ನವರು ತಲೆಯೊಳಗೆ ಹಾಕುವುದನ್ನು ಕಲಿತಿದ್ದರು, ನಾವು ತಲೆಯಿಂದ ಒಂದು ಗೀಟು ಎಳೆದುಕೊಂಡೆವು, ಅಷ್ಟೇ.

ವಾಯೇಜರ್ 1 ಈಗ ಹೆಚ್ಚು ಕಮ್ಮಿ ಒಂದು ಬೆಳಕಿನ ದಿನದಷ್ಟು ದೂರದಲ್ಲಿದೆ. ಇವತ್ತು ಬೆಳಿಗ್ಗೆ ಕರೆದರೆ ಉತ್ತರ ನಾಡಿದ್ದು ಬೆಳಿಗ್ಗೆ. ಅದರ ರೇಡಿಯೋ ಸುಮಾರು 23 ವ್ಯಾಟ್, ಮನೆಯ ಒಂದು ಟ್ಯೂಬ್‌ಲೈಟಿನಷ್ಟು. ನಾಸಾದ 70 ಮೀಟರ್ ಡಿಶ್ಶಿಗೆ ಬಂದು ತಲುಪುವುದು ಒಂದು ವ್ಯಾಟ್‌ನ ನೂರು ಕೋಟಿಯಲ್ಲೊಂದು ಭಾಗದ, ಮತ್ತೆ ನೂರು ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ. 2023ರ ನವೆಂಬರ್‌ನಲ್ಲಿ ಅದು ತೊದಲಲು ಶುರು ಮಾಡಿತು, ಅರ್ಥವಿಲ್ಲದ್ದನ್ನೇ ಕಳಿಸತೊಡಗಿತು. ಒಂದು ಮೆಮೊರಿ ಚಿಪ್ ಕೆಟ್ಟಿತ್ತು. ಐದು ತಿಂಗಳು ಕೂತು, ಆ ಚಿಪ್ಪಿನಲ್ಲಿದ್ದ ಪ್ರೋಗ್ರಾಂ ಅನ್ನು ತುಂಡು ತುಂಡು ಮಾಡಿ ಬೇರೆ ಜಾಗಗಳಿಗೆ ಸಾಗಿಸಿದರು. ಏಪ್ರಿಲ್‌ನಲ್ಲಿ ಮತ್ತೆ ಸರಿಯಾಗಿ ಮಾತಾಡಿತು. ಅಂಥ ರಿಪೇರಿಯವರು ಇನ್ನೂ ಇದ್ದಾರೆ ಎಂಬುದೇ ನನಗೆ ಸಮಾಧಾನ. ಕರೆಂಟ್ ಮುಗಿದ ಮೇಲೆ ಅದು ಕೂಡ ಸುಮ್ಮನೆ ತೇಲುವ ಡಬ್ಬಿಯೇ. ಇನ್ನು ಸುಮಾರು 40 ಸಾವಿರ ವರ್ಷಕ್ಕೆ ಇನ್ನೊಂದು ನಕ್ಷತ್ರದ ಪಕ್ಕ, ಅಂದರೆ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ಸ್ವಲ್ಪ ದೂರದಲ್ಲಿ, ಹಾದುಹೋಗುತ್ತದೆ.

ಕೊಳಲಿನ ವಿಷಯ ಮರೆತೆ. ಕಂತಿನ ಕೊನೆಯಲ್ಲಿ ನೌಕೆಯನ್ನು ಬಿಚ್ಚಿದಾಗ ಒಳಗೆ ಒಂದು ಪೆಟ್ಟಿಗೆ, ಅದರಲ್ಲಿ ಆ ಕೊಳಲು. ಪಿಕಾರ್ಡ್ ಎತ್ತಿಕೊಂಡು ಊದುತ್ತಾನೆ. ಅವನ ಬೆರಳಿಗೆ ಗೊತ್ತು. ತಮಾಷೆ ಅಂದರೆ, ಚಿತ್ರೀಕರಣಕ್ಕೆ ಬಳಸಿದ ಆ ಕೊಳಲಿನಿಂದ ಸ್ವರ ಹೊರಡುತ್ತಲೇ ಇರಲಿಲ್ಲ, ಅದು ಬರೀ ಆಟಿಕೆ. 2006ರಲ್ಲಿ ಹರಾಜಿಗಿಟ್ಟಾಗ ಅದರ ಬೆಲೆ 40 ಸಾವಿರ ಡಾಲರ್ ಮುಟ್ಟಿತು.

ಮಗಳಿಗೆ ವಾಯೇಜರ್ ತಟ್ಟೆಯ ಕನ್ನಡ ಕೇಳಿಸಬೇಕಾದರೆ ನಾಸಾದ ಜಾಲತಾಣದಲ್ಲಿ ಸಿಗುತ್ತದೆ. ಕೆಲವೇ ಸೆಕೆಂಡು, ಅಲಕ್ಷ್ಯ ಮಾಡಿದರೆ ಮುಗಿದೇ ಹೋಗುತ್ತದೆ. ಡಿಶ್ ತೋರಿಸಬೇಕಾದರೆ ಒಂದು ಭಾನುವಾರ ದೊಡ್ಡ ಆಲದ ಮರ ನೋಡಿಕೊಂಡು ಹಾಗೇ ಬ್ಯಾಲಾಳು ಕಡೆ ಹೋಗಿ. ಹೊಲಗಳ ನಡುವೆ ದೂರದಿಂದಲೇ ಬೆಳ್ಳಗೆ ಕಾಣುತ್ತದೆ. ಗೇಟಿನ ಹತ್ತಿರ ಹೋಗಿ ನಿಲ್ಲಬೇಡಿ, ಸೆಕ್ಯುರಿಟಿಯವರು ಗದರುತ್ತಾರೆ. ಸ್ವಲ್ಪ ದೂರದಲ್ಲಿ ಗಾಡಿ ನಿಲ್ಲಿಸಿ, ಅದು ಯಾವ ದಿಕ್ಕಿಗೆ ವಾಲಿದೆ ನೋಡಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಕೆಲಸದಲ್ಲಿದ್ದರೆ ಒಂಚೂರು ತಿರುಗಿರುತ್ತದೆ. ವಾಪಸ್ ಬರುವಾಗ ಕೆಂಗೇರಿ ಹತ್ತಿರ ಟ್ರಾಫಿಕ್ ಜಾಸ್ತಿ, ನಾಲ್ಕು ಗಂಟೆಗೆ ಮೊದಲೇ ಹೊರಟುಬಿಡಿ.